ಸೋದರಮಾವನಿಗೆ ಕೂದಲು ಬೇಕಾಗಿತ್ತು

ಯಾರಾದರೂ ಕೂದಲು ನೆಡಿಸಿಕೊಳ್ಳಬೇಕು ಅಂತ ಹೊರಟರೆ ಅದು ಮದುವೆಗೋ, ನಾಟಕದಲ್ಲಿ ರಾಜನ ಪಾತ್ರಕ್ಕೋ ಇರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ನನಗೆ ಕೂದಲು ಬೇಕಾಗಿದ್ದು ನನ್ನ ತೊಡೆಯ ಸಲುವಾಗಿ. ಅಕ್ಕನ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಬಹುದೋ ಕೂಡದೋ ಅನ್ನುವ ತಕರಾರು ಕೆಂಗೇರಿಯಲ್ಲಿ ಎದ್ದಿತ್ತು. ಆ ತಕರಾರಿಗೆ ಕಾರಣ ನನ್ನ ತಲೆ.

ನಮ್ಮ ಕಡೆ ಮಗುವಿನ ಮೊದಲ ಕೂದಲು ತೆಗೆಸುವುದಕ್ಕೆ ಜವಳ ಅನ್ನುತ್ತಾರೆ. ಮಗುವಿನ ಸೋದರಮಾವ ಹೊಸ ಪಂಚೆ ಉಟ್ಟು ಚಕ್ಕಂಬಕ್ಕಳ ಹಾಕಿ ಕೂರಬೇಕು, ಮಗು ಅವನ ತೊಡೆಯ ಮೇಲೆ ಅವನ ಕಡೆಗೇ ಮುಖ ಮಾಡಿ ಕೂರಬೇಕು, ಕ್ಷೌರದವನು ಹಿಂದಿನಿಂದ ಕೆಲಸ ಮುಗಿಸಬೇಕು. ಅಪ್ಪ ಅನ್ನುವವನು ದೂರ ನಿಂತು ನೋಡುತ್ತಾನೆ. ಆ ಅರ್ಧ ಗಂಟೆ ಮಗು ಪೂರ್ತಿ ಮಾವನದು. ಅಕ್ಕನಿಗೆ ಇರುವವನು ನಾನೊಬ್ಬನೇ ತಮ್ಮ. ಅವಳು ಬಸುರಿ ಅಂತ ತಿಳಿದ ದಿನದಿಂದಲೇ ನಾನು ಆ ಅರ್ಧ ಗಂಟೆಗೆ ಕಾಯುತ್ತಿದ್ದೆ. ಅಮ್ಮ ಪಂಚೆಯನ್ನು ಮೊದಲೇ ತಂದು ಪೆಟ್ಟಿಗೆಯಲ್ಲಿ ಇಟ್ಟಿದ್ದಳು.

ಆಮೇಲೆ ನನ್ನ ಕೂದಲು ಹೋಗುವುದಕ್ಕೆ ಶುರುವಾಯಿತು. ನನಗಾಗ ಇಪ್ಪತ್ತೊಂದು. ಮೊದಲು ಎರಡು ಕಡೆ ಹಣೆ ಹಿಂದಕ್ಕೆ ಸರಿಯಿತು, ನಡುವೆ ಒಂದು ಜುಟ್ಟು ಮಾತ್ರ ಹಟ ಹಿಡಿದು ನಿಂತಿತ್ತು, ಒಂದು ಯುಗಾದಿಯ ಎಣ್ಣೆಸ್ನಾನದಲ್ಲಿ ಅದೂ ಸೀಗೆಪುಡಿಯ ಜೊತೆ ಬಚ್ಚಲಿಗೆ ಹೊರಟುಹೋಯಿತು. ನಾನು ಅಷ್ಟೇನೂ ತಲೆ ಕೆಡಿಸಿಕೊಂಡಿರಲಿಲ್ಲ. ರಾಜಾಜಿನಗರದ ಹೊಸ ಸೈಟುಗಳ ಕಡೆ ಒಂದು ಲೇತ್ ವರ್ಕ್‌ಶಾಪಿನಲ್ಲಿ ನನ್ನ ಕೆಲಸ. ಅಲ್ಲಿ ಎಲ್ಲರೂ ತಲೆಗೆ ಬಟ್ಟೆ ಕಟ್ಟಿಕೊಂಡೇ ಇರುತ್ತಿದ್ದರು.

ಮಗು ಹುಟ್ಟಿತು, ಗಂಡು. ಅದರ ತಲೆಯ ಮೇಲೂ ಕೂದಲು ಅಂತ ಹೇಳುವಂಥದ್ದು ಏನೂ ಇರಲಿಲ್ಲ, ಪೀಚ್ ಹಣ್ಣಿನ ಸಿಪ್ಪೆಯ ಮೇಲಿನ ನವಿರಿನ ಹಾಗೆ ಒಂದಿಷ್ಟು. ಆ ಮಗುವಿಗೆ ಒಂದೇ ಹವ್ಯಾಸ, ಎದುರಿಗೆ ಬಂದವರ ಕೂದಲು ಹಿಡಿದುಕೊಳ್ಳುವುದು. ಹಿಡಿದರೆ ಬಿಡುತ್ತಿರಲಿಲ್ಲ. ಅಕ್ಕನ ಜಡೆಯನ್ನು ಅದರ ಮುಷ್ಟಿಯಿಂದ ಬಿಡಿಸಬೇಕಾದರೆ ಬೆಲ್ಲದ ಚೂರು ತೋರಿಸಬೇಕಿತ್ತು.

ಜವಳದ ಮಾತು ಬಂದದ್ದು ಒಂದು ಭಾನುವಾರ, ಕೆಂಗೇರಿಯಲ್ಲಿ, ಅಕ್ಕನ ಮನೆಯ ಪಡಸಾಲೆಯಲ್ಲಿ. ಅಕ್ಕನ ಅತ್ತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಒಳ್ಳೆಯ ಹೆಂಗಸು. ಆದರೆ ಒಂದು ವಿಷಯ ಹಿಡಿದರೆ ವಕೀಲರ ಹಾಗೆ ಹಿಡಿಯುತ್ತಿದ್ದರು. ನನ್ನ ತಲೆಯನ್ನು ಸ್ವಲ್ಪ ಹೊತ್ತು ನೋಡಿ ಕೇಳಿದರು.

"ನಿನ್ ಜವಳ ಯಾರ ತೊಡೆ ಮ್ಯಾಲಾಯ್ತಪ್ಪ?"

"ನಮ್ಮ ಸೋದರಮಾವನ ತೊಡೆ ಮೇಲೆ ಅತ್ತೆ."

"ಅವನ ತಲೆ ಹೆಂಗಿತ್ತು?"

ನಾನೂ ಒಂದು ಅವರೆಕಾಯಿ ಕೈಗೆತ್ತಿಕೊಂಡೆ. ನಮ್ಮ ಸೋದರಮಾವನ ತಲೆ ಬೂದುಗುಂಬಳಕಾಯಿಯ ಹಾಗಿತ್ತು, ಕೆಂಗೇರಿಯಿಂದ ಮಾಗಡಿ ರಸ್ತೆಯವರೆಗೆ ಎಲ್ಲರೂ ನೋಡಿದ್ದರು.

"ನಿಮ್ ಮಾವನ ಜವಳ ಯಾರ ತೊಡೆ ಮ್ಯಾಲಾಯ್ತು?"

"ಅದು ನಂಗೇನ್ ಗೊತ್ತು ಅತ್ತೆ."

"ನಂಗೊತ್ತು. ನಿಮ್ಮಮ್ಮನ್ನ ಕೇಳಿದೀನಿ. ಅವನ ಮಾವನೂ ಬೊಕ್ಕತಲೆಯೋನೇ." ಅವರು ಅವರೆಕಾಯಿ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದರು. "ತೊಡೆಯಿಂದ ತೊಡೆಗೆ ಬಂದೈತೆ ಕಣಪ್ಪ. ಬೇಜಾರು ಮಾಡ್ಕೋಬೇಡ. ಮೊದಲೇ ಮಗೀಗೆ ಕೂದ್ಲು ಕಮ್ಮಿ. ನಿನ್ ಮ್ಯಾಲೆ ಕೂರಿಸಿ ಇರೋದ್ನೂ ತೆಗೆಸಿದ್ರೆ ಮತ್ತೆ ಬತ್ತದಾ? ಸುಗ್ಗಿ ಕಳೀಲಿ, ಅಷ್ಟರೊಳಗೆ ನಿನ್ ತಲೇಲಿ ಏನಾರ ಬಂದ್ರೆ ನೀನೇ ಕೂತ್ಕೋ. ಇಲ್ದಿದ್ರೆ ಬೇರೆ ಯಾರನ್ನಾರ ನೋಡಾಣ."

ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಅತ್ತೆಯ ಮುಂದೆ ಮಾತಾಡಲಿಲ್ಲ. ಆದರೆ ನನ್ನನ್ನು ಬಸ್ಸಿಗೆ ಬಿಡಲು ಬಂದಾಗ ಹೇಳಿದಳು, "ಏನಾದ್ರೂ ಮಾಡೋ. ನೀನಿಲ್ದೆ ನಾನು ಆ ಜಾಗಕ್ಕೇ ಬರಲ್ಲ." ಅವಳ ಕಣ್ಣು ಕೆಂಪಾಗಿತ್ತು. ಅದನ್ನು ನೋಡಿದ ಮೇಲೆ ನಾನು ಸುಮ್ಮನಿರುವ ಹಾಗಿರಲಿಲ್ಲ.

ಇಲ್ಲಿ ನನ್ನ ಓದಿನ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಶಾಲೆ ಬೇಗ ಬಿಟ್ಟವನು, ಆದರೆ ಓದು ಬಿಟ್ಟವನಲ್ಲ. ರದ್ದಿ ಅಂಗಡಿಗೆ ಬರುವ ಹಳೆಯ ಇಂಗ್ಲಿಷ್ ಪತ್ರಿಕೆಗಳೇ ನನ್ನ ಕಾಲೇಜು. ರೇಡಿಯೋ ರಿಪೇರಿ ಕಲಿತದ್ದು ಅವುಗಳಿಂದ, ಈಜುವುದನ್ನು ಕಲಿತದ್ದೂ ಅವುಗಳಿಂದಲೇ. ಈಜನ್ನು ಚಾಪೆಯ ಮೇಲೆ ಕಲಿತಿದ್ದರಿಂದ ಕೆರೆಯಲ್ಲಿ ಅದು ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ. ಒಂದು ಸಲ ರಟ್ಟು ಹರಿದ ಒಂದು ವಿದೇಶಿ ಪತ್ರಿಕೆಯಲ್ಲಿ ಒಬ್ಬ ಡಾಕ್ಟರರ ವಿಷಯ ಓದಿದ್ದು ನೆನಪಿಗೆ ಬಂತು. ತಲೆಯ ಹಿಂಭಾಗದಿಂದ ಕೂದಲಿರುವ ಚರ್ಮವನ್ನು ಚಿಕ್ಕ ಚಿಕ್ಕ ಬಿಲ್ಲೆಗಳಾಗಿ ಕಿತ್ತು ಮುಂದೆ ಕೂರಿಸಿದರೆ ಅಲ್ಲಿ ಬೆಳೆಯುತ್ತದೆ ಅಂತ ಅದರಲ್ಲಿತ್ತು. ಓಡಿಹೋಗಿ ರದ್ದಿ ಅಂಗಡಿಯ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಹುಡುಕಿದೆ. ಲೇಖನ ಸಿಕ್ಕಿತು, ಪೂರ್ತಿ ಸಿಗಲಿಲ್ಲ. "ಆದರೆ ಇದನ್ನು ಮಾಡಿಸಿಕೊಳ್ಳುವ ಮೊದಲು ಯೋಚಿಸಬೇಕಾದ" ಅನ್ನುವಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಹಾಳೆ ಇರಲಿಲ್ಲ. ಯಾರೋ ಅದರಲ್ಲಿ ಕಡಲೆಕಾಯಿ ಕಟ್ಟಿಸಿಕೊಂಡು ಹೋಗಿದ್ದರು.

ಹಾಗಾಗಿ ಅದು ಒಳ್ಳೆಯದು ಅನ್ನುವವರೆಗೆ ಮಾತ್ರ ನನಗೆ ಗೊತ್ತಿತ್ತು. ಏನು ಯೋಚಿಸಬೇಕು ಅನ್ನುವುದನ್ನು ನಾನಿದ್ದ ಕಾಮಾಕ್ಷಿಪಾಳ್ಯದಲ್ಲೇ ಹುಡುಕಿಕೊಳ್ಳಬೇಕಾಯಿತು.

ಹುಡುಕಿದರೆ ಸಿಗದಿರುವುದು ಯಾವುದು. ವರ್ಕ್‌ಶಾಪಿನಲ್ಲಿ ವಿಷಯ ಎತ್ತಿದ ಕೂಡಲೇ ಒಬ್ಬ ಹೇಳಿದ, "ಮಗಾ, ನಮ್ ಬೀದಿ ಬೇಕರಿಯೋನ್ನ ನೋಡಿಲ್ವಾ? ಅವನ ಎಡಗಡೆ ಹುಬ್ಬು ನೆಟ್ಟಿರೋದು."

ಬೇಕರಿಯವನು ಮಾಗಡಿ ರಸ್ತೆಯ ಪಕ್ಕದ ಓಣಿಯಲ್ಲಿ ಬ್ರೆಡ್ಡು ಸುಡುತ್ತಿದ್ದ, ದಪ್ಪ ಮನುಷ್ಯ. ಹಿಂದೊಮ್ಮೆ ಒಲೆಯ ಉರಿ ಮುಖಕ್ಕೆ ಹೊಡೆದು ಎಡ ಹುಬ್ಬು ಸುಟ್ಟುಹೋಗಿತ್ತು. ಪೇಟೆಯ ಒಬ್ಬ ಡಾಕ್ಟರು ಅವನ ಕಿವಿಯ ಹಿಂದಿನಿಂದ ಕೂದಲಿರುವ ಚರ್ಮದ ಪಟ್ಟಿ ತೆಗೆದು ಹುಬ್ಬು ಮಾಡಿದ್ದರು. ನಾನು ಹೋದಾಗ ಅವನು ಗೋಡೆಯ ಕನ್ನಡಿಯ ಮುಂದೆ ನಿಂತು ಆ ಹುಬ್ಬಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ಬಲಗಡೆಯದು ಎಲ್ಲರ ಹುಬ್ಬಿನ ಹಾಗಿತ್ತು. ಎಡಗಡೆಯದು ಕಣ್ಣಿನ ಮೇಲೆ ಚಾಚಿಕೊಂಡು, ಬಾಚಿ ಪಕ್ಕಕ್ಕೆ ತಿರುಗಿಸಿ, ಕಿವಿಯ ಕಡೆಗೆ ಹೊರಟಿತ್ತು.

"ನೋಡಿ ಸಾರ್, ಚೆನ್ನಾಗಿ ನೋಡಿ. ನಾಚ್ಕೋಬೇಡಿ," ಅಂದ. "ಎಲ್ರೂ ನೋಡ್ತಾರೆ."

"ಇಷ್ಟುದ್ದ ಯಾಕೆ ಬಿಟ್ಟಿದೀರಿ?"

"ನಾನೆಲ್ಲಿ ಬಿಟ್ಟೆ. ಅದು ತಲೆ ಕೂದ್ಲು ಸಾರ್. ಜಾಗ ಬದಲಾಯಿಸಿದ್ರೂ ಅದರ ಬುದ್ಧಿ ಬದಲಾಗ್ಲಿಲ್ಲ. ತಾನು ಹುಬ್ಬು ಅಂತ ಅದಕ್ಕೆ ಯಾರೂ ಹೇಳಿಲ್ಲ. ಕತ್ತರಿಸ್ದೇ ಇದ್ರೆ ಬಾಯಿಗೆ ಬರುತ್ತೆ. ಕ್ಷೌರಕ್ಕೆ ಹೋದ್ರೆ ಆ ಯಪ್ಪ ಕೇಳ್ತಾನೆ, ಕಟಿಂಗ್ ತಲೆಗೋ ಹುಬ್ಬಿಗೋ ಅಂತ."

ಒಳಗಿನಿಂದ ಅವನ ಹೆಂಡತಿ ಕೂಗಿ ಹೇಳಿದಳು, "ಹೋದ್ ವರ್ಷ ಬೆಳ್ಳಗಾಯ್ತು ಅಂತ ಹುಬ್ಬಿಗೆ ಬಣ್ಣ ಬೇರೆ ಹಾಕ್ಕೊಂಡ್ರು, ಅದ್ನೂ ಹೇಳಿ."

"ಅದ್ಯಾಕೆ ಈಗ," ಅಂದ ಅವನು. ಆಮೇಲೆ ನನ್ನ ಕಡೆ ತಿರುಗಿ ತಲೆ ಬಗ್ಗಿಸಿ ಕಿವಿಯ ಹಿಂದಿನ ಗೆರೆ ತೋರಿಸಿದ. ಬೆರಳುದ್ದದ ಬಿಳಿ ಗೆರೆ, ಅಲ್ಲಿ ಒಂದು ಕೂದಲೂ ಇರಲಿಲ್ಲ. "ತೆಗೆದ ಜಾಗ ಖಾಲಿ ಸಾರ್. ಮತ್ತೆ ಬರಲ್ಲ. ಇನ್ನೊಂದು ಮಾತು, ನೆಟ್ಟಿದ್ದೆಲ್ಲಾ ಮೊದ್ಲು ಉದುರೋಗತ್ತೆ. ನಂಗೆ ಯಾರೂ ಹೇಳಿರ್ಲಿಲ್ಲ. ಕೂದ್ಲು ಕೈಗೆ ಬಂದಾಗ ಈ ಒಲೆ ಮುಂದೆ ಕೂತು ಅತ್ತುಬಿಟ್ಟೆ. ಆಮೇಲೆ ತಿಂಗಳುಗಟ್ಲೆ ಏನೂ ಇಲ್ಲ. ಆಸೆ ಬಿಟ್ಟಾಗ ಬಂತು, ಅದೂ ಮೇಲ್ಮುಖವಾಗಿ."

"ಇಷ್ಟೆಲ್ಲಾ ಆದ್ಮೇಲೆ, ಮಾಡಿಸ್ಕೊಂಡಿದ್ದಕ್ಕೆ ಬೇಜಾರಿದೆಯಾ?"

ಅವನು ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡ. "ಇಲ್ಲ ಸಾರ್. ಮೊದ್ಲು ಜನ ಸುಟ್ಟ ಮುಖ ನೋಡಿ ಬೇರೆ ಕಡೆ ತಿರುಗ್ತಿದ್ರು. ಈಗ ಹುಬ್ಬು ನೋಡಿ ನಗ್ತಾರೆ. ನಗೋದು ವಾಸಿ."

ಅದು ನನ್ನ ಮನಸ್ಸಿನಲ್ಲಿ ನಿಂತಿತು. ಆದರೂ ನನ್ನ ಉತ್ಸಾಹ ಇಳಿಯಲಿಲ್ಲ. ಹುಬ್ಬಿನಲ್ಲಿ ತಲೆಕೂದಲು ಬೆಳೆದರೆ ಕಷ್ಟ, ತಲೆಯಲ್ಲಿ ತಲೆಕೂದಲು ಬೆಳೆದರೆ ಏನು ಕಷ್ಟ ಅಂತ ನನ್ನ ತರ್ಕ. ಅವನಿಂದ ಡಾಕ್ಟರರ ವಿಳಾಸ ತೆಗೆದುಕೊಂಡು ಹೊರಟೆ.

ಹೊರಡುವ ಬೆಳಿಗ್ಗೆ ಅಮ್ಮ ತಲೆ ಬಾಚಿಕೊಳ್ಳುತ್ತಾ ಬಾಗಿಲಿಗೆ ಬಂದಳು. ಅವಳ ಜಡೆ ಆಗಲೂ ಸೊಂಟದವರೆಗೆ ಇತ್ತು. "ಡಾಕ್ಟರನ್ನ ಒಂದ್ಮಾತು ಕೇಳು," ಅಂದಳು. "ನನ್ನದು ಕೊಟ್ರೆ ಆಗುತ್ತಾ ಅಂತ. ನಂಗ್ಯಾಕೆ ಇನ್ನು ಇಷ್ಟೊಂದು."

ನಾನು ನಗಲು ಹೋದೆ, ಆಗಲಿಲ್ಲ. ಕೇಳ್ತೀನಿ ಅಂದೆ.

ಡಾಕ್ಟರು ಸಣ್ಣ ಮೈಕಟ್ಟಿನವರು, ಮಾತು ಮೆಲ್ಲಗೆ. ನನ್ನನ್ನು ಕಿಟಕಿಯ ಹತ್ತಿರ ಕೂರಿಸಿ, ತಲೆಯನ್ನು ಮುಂದೆ ಹಿಂದೆ ತಿರುಗಿಸಿ, ಹಿಂಭಾಗದ ಕೂದಲನ್ನು ಬೆರಳಲ್ಲಿ ಸರಿಸಿ ನೋಡಿದರು. ನನ್ನ ಹತ್ತಿರ ಪ್ರಶ್ನೆಗಳು ಬಹಳ ಇದ್ದವು, ಅವರು ನನಗಿಂತ ಮೊದಲು ಕೇಳುವುದಕ್ಕೆ ಶುರುಮಾಡಿದರು.

"ವಯಸ್ಸು?"

"ಇಪ್ಪತ್ತೆರಡು ಸಾರ್."

"ಈಗಲೂ ಉದುರ್ತಾ ಇದೆಯಾ?"

"ದಿನಾ ಸಾರ್."

"ಹಾಗಾದ್ರೆ ನಿಮ್ಮ ಕೂದಲು ಇನ್ನೂ ಹೋಗ್ತಾನೇ ಇದೆ. ಹೋಗೋದು ಮುಗಿದಿಲ್ಲ." ಅವರು ತಮ್ಮ ಮೇಜಿನ ಮೇಲಿದ್ದ ಕಾಗದದ ಮೇಲೆ ಒಂದು ತಲೆ ಬರೆದರು. ಮುಂದೆ ಒಂದು ಸಾಲು ಎಳೆದರು. "ಇವತ್ತು ನಾನು ಮುಂದೆ ಇಲ್ಲಿ ನೆಟ್ಟೆ ಅಂತಿಟ್ಕೊಳ್ಳಿ. ಅದು ಇರುತ್ತೆ, ಯಾಕಂದ್ರೆ ಹಿಂದಿನ ಕೂದಲು ಗಟ್ಟಿ. ಆದ್ರೆ ಅದರ ಹಿಂದೆ ಈಗ ಉಳಿದಿರೋ ಅಷ್ಟಿಷ್ಟೂ ಹೋಗುತ್ತೆ. ಐದು ವರ್ಷ ಬಿಟ್ಟು ನೋಡಿದ್ರೆ ಮುಂದೆ ಬೇಲಿ, ಬೇಲಿ ಹಿಂದೆ ಬಯಲು. ಆಗ ಬಯಲಿಗೆ ಎಲ್ಲಿಂದ ತರ್ತೀರಿ? ಹಿಂದಿರೋದು ಇಷ್ಟೇ. ಅದು ಯಾವತ್ತೂ ಹೊಸದಾಗಿ ಹುಟ್ಟಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತೆ ಅಷ್ಟೇ."

ನಾನು ಆ ಚಿತ್ರವನ್ನೇ ನೋಡುತ್ತಿದ್ದೆ. ನನ್ನ ಭವಿಷ್ಯದ ತಲೆ ಅಷ್ಟು ಸ್ಪಷ್ಟವಾಗಿ ನನಗೆ ಯಾವ ಜ್ಯೋತಿಷಿಯೂ ತೋರಿಸಿರಲಿಲ್ಲ.

"ಬೇರೆಯವರದ್ದು ನೆಡಬಹುದಾ ಸಾರ್? ನಮ್ಮಮ್ಮ ಕೊಡ್ತೀನಿ ಅಂದ್ರು."

ಅವರು ಪೆನ್ನು ಕೆಳಗಿಟ್ಟರು. "ಇಲ್ಲಪ್ಪ. ಇನ್ನೊಬ್ಬರ ಚರ್ಮ ನಿಮ್ಮ ಮೈ ಒಪ್ಪಲ್ಲ, ತಾಯಿದಾದ್ರೂ. ಬಿಸಾಕಿಬಿಡುತ್ತೆ." ಆಮೇಲೆ, "ಅವರಿಗೆ ಹೇಳಿ, ಕೇಳಿದ್ದು ನಂಗೆ ಇಷ್ಟ ಆಯ್ತು ಅಂತ."

"ಯಾವಾಗ ಬೆಳೆಯುತ್ತೆ ಸಾರ್, ನೆಟ್ಟರೆ?"

"ಸರಿಯಾಗಿ ಕಾಣ್ಬೇಕಾದ್ರೆ ಹತ್ತಿರ ಹತ್ತಿರ ವರ್ಷ."

"ನಂಗೆ ಸುಗ್ಗಿ ಕಳೆಯೋದ್ರೊಳಗೆ ಬೇಕು."

"ಯಾಕೆ, ಮದುವೆನಾ?"

"ಅಲ್ಲ ಸಾರ್. ಅಕ್ಕನ ಮಗೂನ ತೊಡೆ ಮೇಲೆ ಕೂರಿಸ್ಕೋಬೇಕು."

ಡಾಕ್ಟರು ಪಕ್ಕದ ಕೋಣೆಯಿಂದ ನರ್ಸನ್ನು ಕರೆದು, "ಇನ್ನೊಂದ್ಸಲ ಹೇಳಿ," ಅಂದರು. ಹೇಳಿದೆ. ಮಾವನ ತಲೆ, ಅವನ ಮಾವನ ತಲೆ, ತೊಡೆಯಿಂದ ತೊಡೆಗೆ ಬಂದದ್ದು, ಎಲ್ಲ. ನರ್ಸು ಬಾಯಿಗೆ ಸೆರಗು ಹಿಡಿದುಕೊಂಡು ಹೊರಗೆ ಹೋದರು.

"ನೋಡಿ, ನಾನು ಸುಟ್ಟವರಿಗೆ ಹುಬ್ಬು ಮಾಡಿದೀನಿ. ತಲೆಗೆ ಯಾವತ್ತೂ ಮಾಡಿಲ್ಲ, ನೀವೇ ಮೊದಲನೆಯವರು ಆಗ್ತೀರಿ," ಅಂದರು ಡಾಕ್ಟರು. "ಗಾಯ, ಸೋಂಕು, ಕಲೆ ಎಲ್ಲಾ ಇರುತ್ತೆ. ಅದನ್ನೆಲ್ಲಾ ತಡ್ಕೋತೀನಿ, ನಂಗೆ ನನ್ನ ಮುಖ ಹೀಗೆ ಬೇಕು ಅಂತ ಬಂದ್ರೆ ಒಂದು ಮಾತು. ಆದ್ರೆ ನಿಮ್ಮ ಅಕ್ಕನ ಅತ್ತೆ ಒಪ್ಪಲಿ ಅಂತ ನಿಮ್ಮ ತಲೆ ಕುಯ್ಯೋಕೆ ನನ್ನ ಕೈ ಬರಲ್ಲ. ಉದುರೋದು ನಿಂತ ಮೇಲೆ ಬನ್ನಿ. ಆಗಲೂ ಬೇಕು ಅನ್ನಿಸಿದ್ರೆ ಮಾತಾಡೋಣ."

ಕಡಲೆಕಾಯಿ ಕಟ್ಟಿಸಿಕೊಂಡು ಹೋದವನ ಹಾಳೆಯಲ್ಲಿ ಇದಕ್ಕಿಂತ ಹೆಚ್ಚೇನೂ ಇದ್ದಿರಲಾರದು ಅಂತ ಈಗ ಅನ್ನಿಸುತ್ತದೆ. ಆವತ್ತು ಮಾತ್ರ ಮನೆಗೆ ಬಂದು ಪೆಟ್ಟಿಗೆಯ ಕಡೆ ನೋಡದೆ ಮಲಗಿದೆ.

ಸುಗ್ಗಿ ಕಳೆಯಿತು, ನನ್ನ ತಲೆಯಲ್ಲಿ ಏನೂ ಬರಲಿಲ್ಲ. ಅಕ್ಕನ ಅತ್ತೆ ಬೇರೆ ಮಾವನನ್ನು ಗೊತ್ತುಮಾಡಿದರು. ನಮ್ಮ ದೊಡ್ಡಮ್ಮನ ಮಗ, ಸುಂಕದಕಟ್ಟೆಯವನು. ವರಸೆಯಲ್ಲಿ ಅವನೂ ಮಗುವಿಗೆ ಮಾವನೇ. ಅವನ ತಲೆಯಲ್ಲಿ ಇಬ್ಬರಿಗೆ ಆಗುವಷ್ಟು ಗುಂಗುರು ಕೂದಲಿತ್ತು. ದಿನಕ್ಕೆ ಎಷ್ಟು ಸಲ ಬಾಚುತ್ತಿದ್ದನೋ, ಅಂಗಿ ಜೇಬಿನಲ್ಲಿ ಬಾಚಣಿಗೆ ಯಾವಾಗಲೂ ಇಣುಕುತ್ತಿತ್ತು. ಅಮ್ಮ ಕೊಂಡಿದ್ದ ಪಂಚೆಯನ್ನು ಅವನಿಗೇ ಕೊಡಬೇಕಾಯಿತು. ಅಕ್ಕ, ಬರುವುದಿಲ್ಲ ಅಂದಿದ್ದವಳು, ಮಗುವನ್ನು ಎತ್ತಿಕೊಳ್ಳಬೇಕಲ್ಲ ಅಂತ ಬಂದಳು. ಬಂದವಳು ಯಾರೊಂದಿಗೂ ಮಾತಾಡಲಿಲ್ಲ.

ಕೆಂಗೇರಿಯ ಆಚೆ ಅವರ ಮನೆದೇವರ ಗುಡಿ, ಮುಂದೆ ಹುಣಸೆಮರ. ಮರದ ನೆರಳಲ್ಲಿ ಚಾಪೆ ಹಾಸಿದರು. ದೊಡ್ಡಮ್ಮನ ಮಗ ನನ್ನ ಪಂಚೆ ಉಟ್ಟು ಕೂತ. ನನಗೆ ಒಂದು ಕೆಲಸ ಕೊಟ್ಟಿದ್ದರು, ತಟ್ಟೆ ಹಿಡಿದು ನಿಲ್ಲುವುದು. ಬಿದ್ದ ಕೂದಲು ಅದರಲ್ಲಿ ಬೀಳಬೇಕು. ಕೂದಲು ಕಳೆದುಕೊಳ್ಳುವುದರಲ್ಲಿ ನನಗೆ ಅನುಭವವಿದೆ ಅಂತ ಯಾರೋ ಹಿಂದೆ ನಿಂತು ಹೇಳಿದರು.

ಮಗುವನ್ನು ತೊಡೆಯ ಮೇಲಿಟ್ಟ ಕೂಡಲೇ ಅದು ಎರಡು ಕೈಯನ್ನೂ ಆ ಗುಂಗುರು ಕೂದಲೊಳಗೆ ತೂರಿಸಿತು. ಅಷ್ಟು ಒಳ್ಳೆಯ ಸಾಮಗ್ರಿ ಅದಕ್ಕೆ ಹಿಂದೆಂದೂ ಸಿಕ್ಕಿರಲಿಲ್ಲ. ಮುಷ್ಟಿ ಮುಚ್ಚಿಕೊಂಡಿತು. ಕ್ಷೌರದವನು ನೀರು ಹಚ್ಚಿದ, ಮಗು ಕೂಗಿತು, ಕೂಗುತ್ತಾ ಎಳೆಯಿತು. ದೊಡ್ಡಮ್ಮನ ಮಗ ಮುಂದಕ್ಕೆ ಬಾಗಿದ. ಅವನ ತಲೆ ಮಗುವಿನ ತಲೆಯ ಮೇಲೆ ಬಂತು.

"ಸ್ವಾಮಿ, ಸ್ವಲ್ಪ ಹಿಂದಕ್ಕೆ ಸರೀರಿ," ಅಂದ ಕ್ಷೌರದವನು.

"ಎಲ್ಲಿ ಸರೀಲಿ. ಬಿಡ್ತಾ ಇಲ್ವಲ್ಲಾ."

ಬೆಲ್ಲ ತೋರಿಸಿದರು. ಮಗು ಬಾಯಿ ತೆರೆದು ಬೆಲ್ಲ ತಿಂದಿತು, ಕೈ ಬಿಡಲಿಲ್ಲ. ಒಂದು ಮುಷ್ಟಿ ಬಿಡಿಸಿದರೆ ಇನ್ನೊಂದು ಬೇರೆ ಜಾಗ ಹಿಡಿಯುತ್ತಿತ್ತು. ದೊಡ್ಡಮ್ಮನ ಮಗನ ತಲೆಗೆ ಟವೆಲ್ ಸುತ್ತಿದರು, ಮಗು ಟವೆಲನ್ನು ಕಿತ್ತು ಎಸೆದು ಅದರ ಕೆಳಗಿದ್ದುದನ್ನು ಮತ್ತೆ ಹುಡುಕಿಕೊಂಡಿತು. ಕ್ಷೌರದವನು ಕತ್ತಿ ಎತ್ತಿದ, ಇಳಿಸಿದ, ಮತ್ತೆ ಎತ್ತಿದ.

"ಅಮ್ಮಾ, ಯಾರದ್ದು ತೆಗೀಬೇಕು ಹೇಳಿಬಿಡಿ," ಅಂದ ಅಕ್ಕನ ಅತ್ತೆಗೆ. "ಎರಡೂ ಒಂದ್ರೊಳಗೊಂದು ಸೇರ್ಕೊಂಡದೆ. ಕತ್ತಿ ಜಾರಿದ್ರೆ ನಾನು ಜವಾಬ್ದಾರನಲ್ಲ."

ಅಕ್ಕನ ಅತ್ತೆ ಯೋಚಿಸಿದರು. ಯೋಚಿಸಿ ಹೇಳಿದರು, "ಮೊದ್ಲು ಇವಂದು ತೆಗೆದ್ಬಿಡು."

"ಯಾರ್ದು?" ಅಂದ ದೊಡ್ಡಮ್ಮನ ಮಗ.

"ನಿಂದೇ ಕಣಪ್ಪ. ದೇವರಿಗೆ ಕೊಟ್ಟಂಗೂ ಆಯ್ತದೆ. ಮತ್ತೆ ಬೆಳೀತದೆ, ನಿಂಗೇನು."

ಕ್ಷೌರದವನು ನೀರಿನ ಬಟ್ಟಲು ಅವನ ಕಡೆ ತಿರುಗಿಸಿದ. ದೊಡ್ಡಮ್ಮನ ಮಗ ಮಗುವಿನ ಸಮೇತ ಎದ್ದು ನಿಂತ. ಎರಡು ಹಿಡಿ ಕೂದಲು ಮಗುವಿನ ಕೈಯಲ್ಲೇ ಉಳಿಯಿತು, ಅವನು ಮಗುವನ್ನು ಅಕ್ಕನ ಕೈಗೆ ಕೊಟ್ಟು, ಬಾಚಣಿಗೆ ತೆಗೆಯುತ್ತಾ, ಬಸ್ ಸ್ಟ್ಯಾಂಡಿನ ಕಡೆ ಹೋದ. ನನ್ನ ಪಂಚೆಯೂ ಹೋಯಿತು.

ಮುಹೂರ್ತ ಮುಗಿಯುತ್ತಿತ್ತು. ಆಗ ಅಕ್ಕ ಬಾಯಿ ಬಿಟ್ಟಳು, ಜೋರಾಗಿ ಏನೂ ಅಲ್ಲ. "ಅತ್ತೆ, ಹಿಡ್ಕೊಳ್ಳೋಕೆ ಏನೂ ಇಲ್ದಿರೋ ತಲೆ ನಮ್ಮ ಕಡೇಲಿ ಒಂದೇ ಇರೋದು."

ಎಲ್ಲರೂ ನನ್ನ ತಲೆಯ ಕಡೆ ನೋಡಿದರು. ನಾನು ತಟ್ಟೆ ಹಿಡಿದು ನಿಂತಿದ್ದೆ. ಅಕ್ಕನ ಅತ್ತೆ ಹುಣಸೆಮರ ನೋಡಿದರು, ಗುಡಿ ನೋಡಿದರು. ವಕೀಲರು ಕೇಸು ಬಿಡುವ ಮೊದಲು ಹೀಗೇ ನೋಡುತ್ತಾರೇನೋ.

"ಕೂತ್ಕೋ," ಅಂದರು ಕೊನೆಗೆ. "ಪೇಟ ಕಟ್ಕೋಬೇಡ, ಕಿತ್ ಹಾಕ್ತದೆ."

ನಾನು ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು ವರ್ಕ್‌ಶಾಪಿನ ಹಳೆಯ ಪ್ಯಾಂಟಿನಲ್ಲೇ ಕೂತೆ. ಮಗು ನನ್ನ ಕಡೆ ಮುಖ ಮಾಡಿ ಕೂತು ಎರಡು ಕೈಯನ್ನೂ ನನ್ನ ನೆತ್ತಿಯ ಮೇಲೆ ಇಟ್ಟಿತು. ಮುಷ್ಟಿ ಮುಚ್ಚಿತು, ಏನೂ ಸಿಗಲಿಲ್ಲ. ಮತ್ತೆ ಇಟ್ಟಿತು, ಜಾರಿತು. ಅದಕ್ಕೆ ಇಂಥ ತಲೆಯ ಪರಿಚಯ ಇರಲಿಲ್ಲ ಅಂತ ಕಾಣುತ್ತದೆ. ಅಳು ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ಅಂಗೈಯಲ್ಲಿ ನೆತ್ತಿಯನ್ನು ತಟ್ಟಿ ತಟ್ಟಿ ನೋಡತೊಡಗಿತು. ಅಷ್ಟರಲ್ಲಿ ಹಿಂದಿನಿಂದ ಕತ್ತಿ ಸರಸರ ಓಡಿ ಕೆಲಸ ಮುಗಿದಿತ್ತು. ತಟ್ಟೆಗೆ ಬಿದ್ದ ಕೂದಲು ಒಂದು ಚಿಟಿಕೆ. ಮಗು ಇನ್ನೂ ನನ್ನ ತಲೆ ತಟ್ಟುತ್ತಿತ್ತು. ಅಕ್ಕ ಬಂದು ಎತ್ತಿಕೊಳ್ಳಲು ಕೈ ಚಾಚಿದಳು. ಇನ್ನೊಂದು ಸ್ವಲ್ಪ ಹೊತ್ತು ಇರಲಿ ಅಂದೆ.

ಇದಾಗಿ ಎರಡು ವರ್ಷವಾಯಿತು. ಉದುರುವುದು ನಿಂತ ಮೇಲೆ ಬನ್ನಿ ಅಂದಿದ್ದರಲ್ಲ ಡಾಕ್ಟರು, ಇನ್ನೂ ನಿಂತಿಲ್ಲ. ನಿಂತ ಮೇಲೆ ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲ. ಹೋದರೆ ಯಾರ ಸಲುವಾಗಿಯೂ ಹೋಗುವುದಿಲ್ಲ ಅನ್ನುವುದು ಮಾತ್ರ ಗೊತ್ತು. ಬೇಕರಿಯವನು ನನ್ನನ್ನು ಕಂಡಾಗಲೆಲ್ಲ ಹುಬ್ಬು ಬಾಚಿಕೊಂಡು ನಮಸ್ಕಾರ ಮಾಡುತ್ತಾನೆ.

ಮಗುವಿನ ತಲೆಯಲ್ಲಿ ಈಗ ಕಪ್ಪಗೆ, ದಟ್ಟವಾಗಿ ಕೂದಲು ಬಂದಿದೆ. ನಾನು ಅದನ್ನು ತೋರಿಸಿ ಅಕ್ಕನ ಅತ್ತೆಯ ಮುಂದೆ ಒಂದು ಸಲ ಹೆಮ್ಮೆಪಟ್ಟೆ. ಅವರು ತಲೆ ಅಲ್ಲಾಡಿಸಿದರು. "ಅದು ನಿಂದಲ್ಲ ಕಣಪ್ಪ. ಮೊದ್ಲು ಸುಂಕದಕಟ್ಟೆಯೋನು ಕೂತಿದ್ನಲ್ಲ, ಅವನ್ದು."

ಅಕ್ಕನಿಗೆ ಈಗ ಎರಡನೆಯದು, ಹೆಣ್ಣು. ಜವಳ ಈ ಸುಗ್ಗಿಗೆ. ವ್ಯವಸ್ಥೆ ಎಲ್ಲ ತೀರ್ಮಾನವಾಗಿದೆ. ಮೊದಲು ದೊಡ್ಡಮ್ಮನ ಮಗ ಸ್ವಲ್ಪ ಹೊತ್ತು ಕೂತು ಎದ್ದುಹೋಗಬೇಕು, ಆಮೇಲೆ ನಾನು ಕೂರಬೇಕು. ಅವರ ವಂಶದಲ್ಲಿ ಹೀಗೇ ನಡೆದುಕೊಂಡು ಬಂದಿದೆ ಅಂತ ಅಕ್ಕನ ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಾರೆ. ಅಮ್ಮ ಈ ಸಲ ಎರಡು ಪಂಚೆ ತಂದಿದ್ದಾಳೆ.